ಹೊತ್ತು ಮುಳುಗೋಕೆ ಮುಂಚೆ

ಗುಂಡಿಗೆ ಮಣ್ಣು ಹಾಕುವ ಮೊದಲು ಬೋಧಕರು ವಾಚು ನೋಡಿಕೊಂಡರು. ಗಂಟಲು ಸರಿಮಾಡಿಕೊಂಡರು. ಸುತ್ತ ನಿಂತಿದ್ದ ನಮ್ಮನ್ನೆಲ್ಲ ಒಂದು ಸಲ ನೋಡಿ, ಇವತ್ತು ಇವರು, ನಾಳೆ ನೀವು, ಅಂದರು. ಆಮೇಲೆ ಇಪ್ಪತ್ತೈದು ನಿಮಿಷ ಅದೇ. ಹುಲ್ಲು, ಹೂವು, ಮಂಜು, ನೆರಳು. ಈ ರಾತ್ರಿಯೇ ನಿಮ್ಮ ಉಸಿರು ನಿಂತುಹೋದರೆ ಎಲ್ಲಿಗೆ ಹೋಗ್ತೀರಿ? ನಿಶ್ಚಯ ಇರುವವರು ಕೈ ಎತ್ತಿ. ಎತ್ತಿದರು ಪಾಪ. ಬಿಸಿಲಲ್ಲಿ ನಿಂತು ಸಾಕಾಗಿದ್ದವರೂ ಎತ್ತಿದರು, ಬೇಗ ಮುಗಿಯಲಿ ಅಂತ.

ಸತ್ತವರು ಗಾರೆ ಕೆಲಸದವರು. ನಾವು ಒರಗಿಕೊಂಡು ನಿಂತಿದ್ದ ಸಮಾಧಿ ತೋಟದ ಗೋಡೆ ಕಟ್ಟಿದ್ದೂ ಅವರೇ. ಬದನಗುಪ್ಪೆಯ ಸುತ್ತಮುತ್ತ ಹಳ್ಳಿಗಳಲ್ಲಿ ಅವರ ಕೈಯ ಮನೆಗಳು ಈಗಲೂ ನೆಟ್ಟಗೆ ನಿಂತಿವೆ. ಬೋಧನೆಯಲ್ಲಿ ಅದರ ಸುದ್ದಿ ಒಂದು ಮಾತು ಬರಲಿಲ್ಲ. ಗುಂಡಿಯ ಆ ಕಡೆ ಅವರ ತಮ್ಮ ನಿಂತಿದ್ದ. ಒಂದು ಬದುವಿನ ವಿಚಾರಕ್ಕೆ ಹನ್ನೊಂದು ವರ್ಷದಿಂದ ಅಣ್ಣನ ಜೊತೆ ಮಾತಿರಲಿಲ್ಲ. ಅದೂ ಬರಲಿಲ್ಲ. ಆಯಸ್ಸು ಗಿಡ್ಡ, ಆಯಸ್ಸು ಗಿಡ್ಡ ಅಂತ ಅಷ್ಟು ಹೊತ್ತು ಹೇಳಿದವರು, ಆ ಗಿಡ್ಡ ಆಯಸ್ಸಿನಲ್ಲಿ ಈ ಮನುಷ್ಯ ಏನು ಮಾಡಿದ, ಏನನ್ನ ಮಾಡದೆ ಉಳಿಸಿ ಹೋದ ಅಂತ ಕೇಳಲೇ ಇಲ್ಲ.

ನಾನು ಹೊರಗೆ ನಿಂತು ಬೈತಾ ಇಲ್ಲ. ಸಭೆಯಲ್ಲೇ ಹುಟ್ಟಿ, ಸಂಡೆ ಸ್ಕೂಲಿನಲ್ಲಿ ವಚನ ಬಾಯಿಪಾಠ ಮಾಡಿ, ಬಹುಮಾನಕ್ಕೆ ಸ್ಟೀಲ್ ಲೋಟ ತಂದವನು. ಮೂವತ್ತು ಚಿಲ್ಲರೆ ವರ್ಷ ಇಸ್ಕೂಲ್ ಮೇಷ್ಟ್ರಾಗಿದ್ದೆ. ಮಕ್ಕಳು ಪಾಠ ಅರ್ಧ ಓದಿ ಪೂರ್ತಿ ಓದಿದೆ ಅಂದರೆ ಹಿಡಿಯೋದು ನನ್ನ ಕಸುಬಾಗಿತ್ತು. ಅದೇ ಕಣ್ಣಿಂದ ಹೇಳ್ತೀನಿ: ನಮ್ಮ ಬೋಧಕರು ಈ ಪಾಠವನ್ನ ಅರ್ಧ ಓದ್ತಿದ್ದಾರೆ. ತಿಳಿಯದೆ ಅರ್ಧ ಓದಿದರೆ ಕ್ಷಮಿಸಬಹುದು. ಪ್ರತಿ ಸಲವೂ ಒಂದೇ ಜಾಗದಲ್ಲಿ ಪುಸ್ತಕ ಮುಚ್ಚಿದರೆ ಅನುಮಾನ ಬರುತ್ತೆ.

ಸಾವಿನ ಮನೆಯಲ್ಲಿ ಓದುವ ಭಾಗ ಎರಡು, ನಿಮಗೂ ಗೊತ್ತು. ಒಂದು, ಮೋಶೆಯ ಪ್ರಾರ್ಥನೆ ಅಂತ ತಲೆಬರಹ ಇರುವ ತೊಂಬತ್ತನೆಯ ಕೀರ್ತನೆ. ಬೆಳಿಗ್ಗೆ ಚಿಗುರಿ ಸಂಜೆಗೆ ಬಾಡುವ ಹುಲ್ಲು, ಎಪ್ಪತ್ತು ವರ್ಷ, ಗಟ್ಟಿಮುಟ್ಟಾಗಿದ್ದರೆ ಎಂಬತ್ತು, ದಿನ ಎಣಿಸೋದನ್ನ ಕಲಿಸು ಅನ್ನುವ ಬೇಡಿಕೆ. ಅಲ್ಲಿಗೆ 12ನೆಯ ವಚನ. ಅಲ್ಲಿಗೆ ಬೈಬಲ್ ಮುಚ್ಚುತ್ತೆ. ಆದರೆ ಆ ಕೀರ್ತನೆಯಲ್ಲಿ ಇರೋದು 17 ವಚನ. ಕೊನೆಯದರಲ್ಲಿ ಮೋಶೆ ಕೇಳೋದು ಏನು? ಪರಲೋಕಕ್ಕೆ ಕರಕೊ ಅಂತಲ್ಲ. ನಮ್ಮ ಕೈಕೆಲಸ ನಿಲ್ಲೋ ಹಾಗೆ ಮಾಡಪ್ಪಾ ಅಂತ. ಅದನ್ನೂ ಒಂದು ಸಲ ಅಲ್ಲ, ಎರಡು ಸಲ ಕೇಳ್ತಾನೆ. ಹುಲ್ಲಿನಿಂದ ಶುರುವಾದ ಪ್ರಾರ್ಥನೆ ಕೈಕೆಲಸದಲ್ಲಿ ಮುಗಿಯುತ್ತೆ. ಗಾರೆಯವರ ಗುಂಡಿಯ ಮುಂದೆ ನಿಂತು ಆ ಒಂದು ವಚನ ಓದಲಾಗದೆ ಹೋಯಿತೆ?

ಇನ್ನೊಂದು, ಯಾಕೋಬನ ಪತ್ರಿಕೆ. ನಾಳೆ ಆ ಊರಿಗೆ ಹೋಗ್ತೀನಿ, ಒಂದು ವರ್ಷ ಇದ್ದು ವ್ಯಾಪಾರ ಮಾಡ್ತೀನಿ, ಲಾಭ ತರ್ತೀನಿ ಅನ್ನುವವನಿಗೆ ಯಾಕೋಬ ಹೇಳೋದು, ನೀನೇ ಹೊಗೆಯಂಥವನು ಕಣಯ್ಯ, ಕಾಣಿಸೋದರೊಳಗೆ ಇಲ್ಲ ಅಂತ. ಅದು ನಾಲ್ಕನೆಯ ಅಧ್ಯಾಯದ 14ನೆಯ ವಚನ. ಬೋಧಕರು ಅಲ್ಲಿ ನಿಲ್ತಾರೆ. ಅಲ್ಲಿಂದ ಬರೀ ಏಳು ವಚನ ಮುಂದೆ ಹೋದರೆ ಐದನೆಯ ಅಧ್ಯಾಯದ 4ನೆಯದು. ಅಲ್ಲಿ ಏನಿದೆ ಗೊತ್ತಾ? ಹೊಲ ಕೊಯ್ದವರ ಕೂಲಿ. ಹಿಡಿದಿಟ್ಟುಕೊಂಡ ಕೂಲಿ ಕೂಗಿಕೊಳ್ತಾ ಇದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತಿದೆ. ಅಧ್ಯಾಯಗಳ ಅಂಕಿ ಯಾಕೋಬ ಹಾಕಿದ್ದಲ್ಲ, ಎಷ್ಟೋ ನೂರು ವರ್ಷ ಆದ ಮೇಲೆ ಯಾರೋ ಹಾಕಿದ್ದು. ಅವನು ಬರೆದಾಗ ಅದು ಒಂದೇ ಉಸಿರಿನ ಮಾತು. ನೀನು ಹೊಗೆ, ಅದಕ್ಕೇ ಆ ಕೂಲಿ ಕೊಟ್ಟುಬಿಡು. ನಾವು ಹೊಗೆಯನ್ನ ಇಟ್ಟುಕೊಂಡು ಕೂಲಿಯನ್ನ ಕೈಬಿಟ್ಟೆವು.

ಯಾಕೆ ಅಂತ ಕೇಳಿದರೆ ಉತ್ತರ ಸುಲಭ. ಹೊಗೆಯ ಬಗ್ಗೆ ಮಾತಾಡಿದರೆ ಯಾರಿಗೂ ನೋವಿಲ್ಲ. ಕೂಲಿಯ ಬಗ್ಗೆ ಮಾತಾಡಿದರೆ ಮುಂದಿನ ಬೆಂಚಿನವರು ಎದ್ದು ಹೋಗ್ತಾರೆ. ಕಾಣಿಕೆ ಚೀಲಕ್ಕೆ ಐನೂರರ ನೋಟು ಹಾಕೋರು ಅವರೇ.

ಆಯಸ್ಸು ಗಿಡ್ಡ ಅನ್ನುವ ಮಾತಿಗೆ ಈಗ ಎರಡು ಥರದ ಗಿರಾಕಿಗಳಿದ್ದಾರೆ. ಒಬ್ಬರು ಹೆದರಿಸೋರು. ಇನ್ನೊಬ್ಬರು ಇರೋದೊಂದೇ ಜೀವನ, ಮಜಾ ಮಾಡು ಅನ್ನೋರು. ಕೈಗಾರಿಕಾ ಪ್ರದೇಶಕ್ಕೆ ಜಮೀನು ಹೋಗಿ ಪರಿಹಾರದ ದುಡ್ಡು ಬಂದಾಗ ನಮ್ಮ ಕಡೆ ಎರಡೂ ಬೋಧನೆ ಜೋರಾಗಿ ನಡೀತು. ಕೆಲವರು ಕಾರು ತಗೊಂಡರು, ಕೆಲವರು ಮಗಳ ಮದುವೆಗೆ ಸಾವಿರಾರು ಜನಕ್ಕೆ ಊಟ ಹಾಕಿಸಿದರು. ತಪ್ಪು ಅಂತ ನಾನು ಹೇಳಲ್ಲ, ಮನುಷ್ಯನಿಗೆ ಒಂದು ದಿನವಾದರೂ ಧಾರಾಳವಾಗಿ ಬದುಕೋ ಆಸೆ ಇರುತ್ತೆ. ಆದರೆ ಈ ಎರಡೂ ಥರದವರು ನೋಡೋದು ಒಂದೇ ಕಡೆಗೆ, ತಮ್ಮ ಹೊಟ್ಟೆ ಇಲ್ಲಾ ತಮ್ಮ ಆತ್ಮ. ಲೂಕನ ಸುವಾರ್ತೆಯ ಆ ಮೂರ್ಖ ಸಾಹುಕಾರನ ಕಥೆ ಇದೆಯಲ್ಲ, ಕಣಜ ಕಿತ್ತು ದೊಡ್ಡ ಕಣಜ ಕಟ್ಟಿಸ್ತೀನಿ ಅಂದವನದು, ಅದನ್ನ ಇನ್ನೊಂದು ಸಲ ಓದಿ ನೋಡಿ. ಆ ಕಥೆಯಲ್ಲಿ ಅವನು ಮಾತಾಡೋದೆಲ್ಲ ತನ್ನ ಜೊತೆಗೇ. ಬೆಳೆ ಯಾರು ಕೊಯ್ದರು, ಕಣಜ ಯಾರು ಕಟ್ಟುತ್ತಾರೆ, ಒಬ್ಬರೂ ಇಲ್ಲ. ಇಷ್ಟಕ್ಕೂ ಯೇಸು ಆ ಕಥೆ ಹೇಳಿದ್ದು ಯಾವ ಸಂದರ್ಭಕ್ಕೆ? ಅಣ್ಣ ನನಗೆ ಆಸ್ತಿ ಪಾಲು ಕೊಡ್ತಿಲ್ಲ ಅಂತ ಒಬ್ಬ ಬಂದು ದೂರು ಹೇಳಿದ್ದಕ್ಕೆ. ಅದನ್ನೂ ಬೋಧಕರು ಬಿಟ್ಟೇ ಓದೋದು. ಪಾಲು ಪಟ್ಟಿಯ ಸುದ್ದಿ ಎತ್ತಿದರೆ ಅರ್ಧ ಸಭೆ ಖಾಲಿ.

ತನ್ನ ದಿನವನ್ನ ಮಾತ್ರ ಎಣಿಸೋರ ವಿಚಾರದಲ್ಲಿ ನಮ್ಮ ಜಿಲ್ಲೆಗೆ ಒಂದು ವಿಚಿತ್ರ ಅನುಭವವೇ ಇದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳಕೊಳ್ತಾನೆ ಅಂತ ದಶಕಗಳ ಕಾಲ ನಂಬಿಕೊಂಡು ಬಂದರು. ನಂಬಿದವರು ಅನಕ್ಷರಸ್ಥರಲ್ಲ, ರಾಜ್ಯ ಆಳೋರು. ಕಲ್ಲುಗಣಿ, ಕಾಡು, ಬರ, ಗುಳೆ ಇರುವ ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಬಾರದೆ ತಪ್ಪಿಸಿಕೊಂಡು ಓಡಾಡಿದರು, ತಮ್ಮ ಕುರ್ಚಿಯ ದಿನ ಕಡಿಮೆಯಾದೀತು ಅಂತ. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಇಲ್ಲಿಗೆ ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಮುಗಿಸಿದರು. ಆಗ ನಾವು ಕ್ರೈಸ್ತರು ನಕ್ಕೆವು, ನೋಡ್ರೀ ಮೂಢನಂಬಿಕೆ ಅಂತ. ನಗೋಕೆ ನಮಗೇನು ಹಕ್ಕಿತ್ತು? ಅವರು ಕುರ್ಚಿ ಉಳಿಸಿಕೊಳ್ಳೋಕೆ ಊರಿಗೆ ಬರಲಿಲ್ಲ. ನಾವು ಆತ್ಮ ಉಳಿಸಿಕೊಳ್ಳೋಕೆ ಕಾಂಪೌಂಡಿಂದ ಹೊರಗೆ ಹೋಗಲಿಲ್ಲ.

ಹಾಗಾದರೆ ದಿನ ಎಣಿಸೋದು ಅಂದರೆ ಏನು? ನನಗೆ ವಯಸ್ಸಾದ ಮೇಲೆ ಹೊಳೆದ ವಿಷಯ ಒಂದಿದೆ, ಅದನ್ನ ಹೇಳೋದಕ್ಕೇ ಇಷ್ಟು ಪೀಠಿಕೆ. ಬೈಬಲಿನಲ್ಲಿ ಆಯಸ್ಸನ್ನ ಅಳೆಯೋ ಕೋಲು ಎಪ್ಪತ್ತು ವರ್ಷದ್ದಲ್ಲ. ಒಂದು ಹಗಲಿನದು. ಹೊತ್ತು ಮುಳುಗೋದು ಅದರ ಗೆರೆ. ಮೋಶೆಯ ಧರ್ಮಶಾಸ್ತ್ರ ತೆಗೆದು ನೋಡಿ. ಬಡವನ ಹೊದಿಕೆಯನ್ನ ಅಡ ಇಟ್ಟುಕೊಂಡಿದ್ದರೆ ಹೊತ್ತು ಮುಳುಗೋಕೆ ಮುಂಚೆ ವಾಪಸ್ ಕೊಡಬೇಕು, ಯಾಕೆ ಅಂದರೆ ಅವನು ಮಲಗೋಕೆ ಹೊದಿಯೋದು ಅದನ್ನೇ. ಅದು ವಿಮೋಚನಕಾಂಡದಲ್ಲಿದೆ. ದಿನಗೂಲಿಯವನ ಕೂಲಿ ಹೊತ್ತು ಮುಳುಗೋಕೆ ಮುಂಚೆ ಕೈಗೆ ಸೇರಬೇಕು, ಅವನು ಬಡವ, ಅವನ ಜೀವವೇ ಅದರ ಮೇಲಿದೆ. ಅದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ. ಗಲ್ಲಿಗೇರಿದವನ ಹೆಣವನ್ನೂ ರಾತ್ರಿ ಮರದ ಮೇಲೆ ಬಿಡಬಾರದು, ಅವತ್ತೇ ಹೂಳಬೇಕು. ಶಿಲುಬೆಯಿಂದ ಯೇಸುವಿನ ದೇಹ ಇಳಿಸೋಕೆ ಅರಿಮಥಾಯದ ಯೋಸೇಫ ಸಂಜೆಯ ಹೊತ್ತಿಗೆ ಪಿಲಾತನ ಹತ್ತಿರ ಓಡಿದ್ದು ಸುಮ್ಮನೆ ಅಲ್ಲ. ಇನ್ನು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಸಿಟ್ಟಿಗೂ ಇದೇ ವಾಯಿದೆ, ಹೊತ್ತು ಮುಳುಗೋವರೆಗೆ ಮಾತ್ರ. ದ್ರಾಕ್ಷಿ ತೋಟದ ಸಾಮ್ಯದಲ್ಲಿ ಕೊನೇ ಗಳಿಗೆಗೆ ಬಂದ ಆಳುಗಳಿಗೂ ಯಜಮಾನ ಪೂರ್ತಿ ಕೂಲಿ ಕೊಟ್ಟ ಅಂತ ನಾವು ಕೃಪೆಯ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಅವನು ಅವತ್ತೇ ಸಂಜೆ ಕೊಟ್ಟ ಅನ್ನೋದನ್ನ ಗಮನಿಸೋದೇ ಇಲ್ಲ.

ಹೊದಿಕೆ, ಕೂಲಿ, ಹೆಣ, ಸಿಟ್ಟು. ಇವು ಯಾವುವೂ ಬೆಳಗಾಗೋತನಕ ಕಾಯೋ ಹಾಗಿಲ್ಲ. ಬೆಳಗ್ಗೆ ನೀನು ಇರ್ತೀಯೋ ಇಲ್ಲವೋ ಅನ್ನೋದಕ್ಕಿಂತ, ಬೆಳಗ್ಗೆ ಆ ಇನ್ನೊಬ್ಬ ಇರ್ತಾನೋ ಇಲ್ಲವೋ ಅನ್ನೋದು ಇಲ್ಲಿರುವ ಚಿಂತೆ. ಆಯಸ್ಸು ಗಿಡ್ಡ ಅಂದಾಗ ಬೈಬಲು ಮೊದಲು ನೋಡೋದು ನಿನ್ನ ಆಯಸ್ಸನ್ನಲ್ಲ, ನೀನು ಬಾಕಿ ಇಟ್ಟುಕೊಂಡವನ ಆಯಸ್ಸನ್ನ.

ಇದು ನನಗೆ ಪುಸ್ತಕದಿಂದ ಬಂದ ಬುದ್ಧಿಯಲ್ಲ.

ನೋಟು ರದ್ದಾದ ಮಾರನೆಯ ವರ್ಷ, ಅರಿಶಿನ ಕೀಳುವ ಕಾಲ. ನಮ್ಮದು ಎರಡು ಎಕರೆ. ಆಳುಗಳಲ್ಲಿ ಒಬ್ಬಾಕೆ, ನನಗಿಂತ ಹತ್ತು ವರ್ಷ ದೊಡ್ಡವಳು, ಎರಡು ದಿನ ಬಂದಿದ್ದಳು. ದಿನಕ್ಕೆ ಇನ್ನೂರರ ಹಾಗೆ ನಾನೂರು ರೂಪಾಯಿ. ಸಂಜೆ ಹಿತ್ತಲಲ್ಲಿ ಕಾಲು ತೊಳಕೊಂಡು ಬಂದು ನಿಂತಳು. ನನ್ನ ಹತ್ತಿರ ಇದ್ದದ್ದು ಎರಡು ಸಾವಿರದ ಒಂದೇ ನೋಟು. ಚಿಲ್ಲರೆ ಇಲ್ಲ ಕಣಕ್ಕ, ನಾಳೆ ಬಾ ಅಂದೆ. ಅಂಗಡಿ ಎರಡು ಫರ್ಲಾಂಗು. ಹೋಗಿ ಬರಬಹುದಿತ್ತು. ಮನೆ ಪ್ರಾರ್ಥನೆಗೆ ಹೊತ್ತಾಗ್ತಿತ್ತು, ಆ ದಿನ ನಮ್ಮ ಬೀದಿಯ ಸರದಿ. ಆಕೆ, ಅದ್ಕೇನು ಬುಡಿ ಮೇಷ್ಟ್ರೇ, ನಿಮ್ ದುಡ್ಡು ಎಲ್ಲೋದದು, ಅಂದು ಹೋದಳು.

ನಾಳೆ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಬೇರೆ ಕಡೆ ಕೂಲಿಗೆ ಹೋಗಿರಬೇಕು ಅಂದುಕೊಂಡೆ. ನಾಲ್ಕನೆಯ ದಿನ ಅವರ ಕೇರಿಯ ಕಡೆಯಿಂದ ತಮಟೆ ಕೇಳಿಸಿತು.

ತಿಥಿ ಎಲ್ಲ ಮುಗಿದ ಮೇಲೆ ಅವಳ ಮಗನ ಹತ್ತಿರ ಹೋಗಿ ಐನೂರರ ನೋಟು ಕೊಟ್ಟೆ. ಯಾವ ದುಡ್ಡು ಮೇಷ್ಟ್ರೇ ಅಂದ. ಹೇಳಿದೆ. ಒಳಗೆ ಹೋಗಿ ಎಲ್ಲೋ ಹುಡುಕಿ ಒಂದು ನೂರು ರೂಪಾಯಿ ತಂದು ನನ್ನ ಕೈಯಲ್ಲಿಟ್ಟ. ಎರಡು ದಿವಸದ್ದು ನಾನೂರಲ್ವಾ ಅಂದ. ಇಟ್ಕೊಳಪ್ಪಾ ಅಂದರೂ ಕೇಳಲಿಲ್ಲ. ಆ ನೂರು ರೂಪಾಯಿಯನ್ನ ನಾನು ಖರ್ಚು ಮಾಡಲೂ ಆಗದೆ ಕಾಣಿಕೆ ಚೀಲಕ್ಕೆ ಹಾಕಲೂ ಆಗದೆ ಬಹಳ ದಿನ ಬೈಬಲಿನೊಳಗೆ ಇಟ್ಟುಕೊಂಡಿದ್ದೆ. ನನ್ನ ದೇವರ ಮುಂದೆ ನಾನು ಕ್ಷಮೆ ಕೇಳಿದ್ದೀನಿ, ಸಿಕ್ಕಿದೆ ಅಂತ ನಂಬ್ತೀನಿ. ಆದರೆ ಆಕೆಯ ಮುಂದೆ ಕೇಳೋಕೆ ಆಗಲಿಲ್ಲ. ಈ ಎರಡೂ ಒಂದೇ ಅಂತ ಯಾರಾದರೂ ಬೋಧಿಸಿದರೆ ನಾನು ಎದ್ದು ಆಚೆ ಬರ್ತೀನಿ.

ಸರ್ಕಾರದ ಕಾನೂನನ್ನೇ ತಗೊಳ್ಳಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ ಅದರಲ್ಲಿ ಕೂಲಿಯನ್ನ 15 ದಿನದೊಳಗೆ ಕೊಡಬೇಕು ಅಂತ ಬರೆದರು. ತಡವಾದರೆ ಪರಿಹಾರ, ದಿನಕ್ಕೆ ಬಾಕಿ ಕೂಲಿಯ 0.05ರಷ್ಟು ಶೇಕಡ. ಮುನ್ನೂರು ರೂಪಾಯಿ ಕೂಲಿಗೆ ದಿನಕ್ಕೆ ಹದಿನೈದು ಪೈಸೆ ಆಯಿತು. ಹದಿನೈದು ಪೈಸೆ ನಾಣ್ಯವೇ ಇಲ್ಲ. ಆದರೂ 15 ದಿನ ಅನ್ನೋದೇ ದೊಡ್ಡ ಸುಧಾರಣೆ ಅಂತ ನಾವು ಒಪ್ಪಿಕೊಂಡೆವು. ಮರಳುಗಾಡಿನಲ್ಲಿ ಗುಡಾರ ಹಾಕಿಕೊಂಡಿದ್ದ ಮೋಶೆ ಸಾಯಂಕಾಲ ಅಂದಿದ್ದ.

ಈಗ ನಮ್ಮ ಊರಿನ ಆ ರಾತ್ರಿಗೆ ಬರ್ತೀನಿ. 2021ರ ಮೇ 2, ಭಾನುವಾರ. ಬೆಳಗಾದರೆ 3. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. 24 ಜನ ಸತ್ತರು. ಸಿಲಿಂಡರು ಬರಬೇಕಾಗಿದ್ದದ್ದು ಮೈಸೂರಿನಿಂದ. ಮೊದಲು ಸರ್ಕಾರದ ಕಡೆಯಿಂದ ಬಂದ ಲೆಕ್ಕ, ಆಕ್ಸಿಜನ್ ಇಲ್ಲದೆ ಸತ್ತವರು ಮೂರೇ ಜನ ಅಂತ. ಆಮೇಲೆ ಹೈಕೋರ್ಟಿನ ಸೂಚನೆಯಂತೆ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿ 24 ಸಾವಿಗೂ ಆಕ್ಸಿಜನ್ ಕೊರತೆಯೇ ಕಾರಣ ಅಂತ ಹೇಳಿತು. ಸತ್ತವರು ಅದಕ್ಕಿಂತ ಹೆಚ್ಚು ಅಂತ ಮನೆಯವರು ಇವತ್ತಿಗೂ ಹೇಳ್ತಾರೆ.

ಮೂರೋ ಇಪ್ಪತ್ತನಾಲ್ಕೋ. ದಿನ ಎಣಿಸೋದು ಬಿಡಿ, ಹೆಣ ಎಣಿಸೋಕೂ ನಮಗೆ ಸಮಿತಿ ಬೇಕಾಯಿತು.

ಆ ವಾರ ನಮ್ಮ ಸಭೆಯವರ ವಾಟ್ಸಪ್ ಗುಂಪಿನಲ್ಲಿ ಏನು ಬಂತು ಗೊತ್ತಾ? ಗುಲಾಬಿ ಹೂವಿನ ಚಿತ್ರ, ಅದರ ಮೇಲೆ ಜೀವನ ಹೊಗೆಯಂಥದ್ದು ಅನ್ನುವ ಮಾತು. ಕೆಳಗೆ ಆಮೆನ್, ಆಮೆನ್, ಕೈ ಮುಗಿದ ಚಿಹ್ನೆ, ಮೂವತ್ತು ನಲವತ್ತು. ದೇವರ ಚಿತ್ತ ಅಂದರು ಒಬ್ಬರು. ಅವರವರ ಆಯಸ್ಸು ಅಷ್ಟೇ ಇತ್ತು ಅಂದರು ಇನ್ನೊಬ್ಬರು. ನನಗೆ ಮೈ ಉರಿಯಿತು. ಹೊಗೆ ತಾನಾಗಿ ಆರೋದು ಬೇರೆ, ದೀಪದ ಮೇಲೆ ಮಡಕೆ ಮುಚ್ಚೋದು ಬೇರೆ. ಸಿಲಿಂಡರು ಯಾವ ಊರಲ್ಲಿತ್ತು, ಯಾರು ಕಳಿಸಬೇಕಿತ್ತು, ಯಾರು ಎಷ್ಟು ಗಂಟೆಗೆ ಯಾರಿಗೆ ಫೋನ್ ಮಾಡಿದರು ಅನ್ನೋದರಲ್ಲಿ ಆ 24 ಜನರ ಆಯಸ್ಸು ಇತ್ತು. ಅದನ್ನ ತಗೊಂಡು ಹೋಗಿ ದೇವರ ತಲೆಗೆ ಕಟ್ಟಿದೆವು. ನಾನು ಇದನ್ನ ದೇವದೂಷಣೆ ಅಂತ ಕರೀತೀನಿ. ನಮ್ಮವರಿಗೆ ದೇವದೂಷಣೆ ಅಂದರೆ ಬೇರೆಯವರು ಮಾಡೋದು ಅಂತ ರೂಢಿ.

ಸತ್ತವರ ಮನೆಯವರು ನ್ಯಾಯ ಕೇಳಿಕೊಂಡು ಬೀದಿಗೆ ಬಂದರು. ವರ್ಷಗಟ್ಟಲೆ ಅಲೆದರು. ಅವರ ಜೊತೆಗೆ ನಮ್ಮ ಸಭೆಯವರು ಎಷ್ಟು ಜನ ಹೋಗಿ ನಿಂತೆವು? ನಾನೂ ನಿಲ್ಲಲಿಲ್ಲ. ಹೋಗಬೇಕು ಅಂದುಕೊಂಡೆ, ಮಂಡಿ ನೋವು ಅಂತ ಬಿಟ್ಟೆ. ನಾಳೆ ಅಂದೆ. ಮತ್ತೆ ಅದೇ ಮಾತು.

ಕಲ್ಲುಗಣಿಗಳ ವಿಚಾರ ಬೇರೆ ಹೇಳಬೇಕಾಗಿಲ್ಲ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗುಡ್ಡ ಕುಸಿದು ಕ್ವಾರಿ ಕೆಲಸದವರು ಅಡಿಯಲ್ಲಿ ಸಿಕ್ಕಿಬಿದ್ದು ಸತ್ತರು. ಹೊಟ್ಟೆಪಾಡಿಗೆ ಎಲ್ಲಿಂದಲೋ ಬಂದವರು. ಅವರ ಮನೆಯವರಿಗೆ ಇದು ಯಾವ ಊರು ಅಂತಲೂ ಗೊತ್ತಿರಲಾರದು. ನಮ್ಮ ಜಿಲ್ಲೆಯ ಕರಿಕಲ್ಲಿಗೆ ದೇಶ ವಿದೇಶದಲ್ಲಿ ಹೆಸರು. ಈ ಸೀಮೆಯ ಕರಿಕಲ್ಲು ಹಡಗು ಹತ್ತಿ ಹೋಗಿ ಎಲ್ಲೆಲ್ಲೋ ಸಮಾಧಿಯ ಮೇಲಿನ ಕಲ್ಲಾಗುತ್ತೆ. ಯಾರದೋ ಹುಟ್ಟಿದ ದಿನ, ಸತ್ತ ದಿನ ಅದರ ಮೇಲೆ ಚೆನ್ನಾಗಿ ಕೊರೆದಿರುತ್ತಾರೆ. ಅದನ್ನ ಗುಡ್ಡದಿಂದ ಬಿಡಿಸಿದವನ ಹುಟ್ಟಿದ ದಿನ ಅವನಿಗೇ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತ ಬರೆದಿರುತ್ತೆ. ಈಗೀಗ ನಮ್ಮ ಸಮಾಧಿ ತೋಟದಲ್ಲೂ ಪಾಲಿಶ್ ಕಲ್ಲಿನ ಪೈಪೋಟಿ ಶುರುವಾಗಿದೆ. ಬದುಕಿದ್ದಾಗ ಅಪ್ಪನಿಗೆ ಕಣ್ಣಿನ ಪೊರೆ ತೆಗೆಸದವರು ಸತ್ತ ಮೇಲೆ ಮುಖ ಕಾಣೋ ಹಾಗೆ ಹೊಳೆಯೋ ಕಲ್ಲು ಹಾಕಿಸಿದ್ದನ್ನ ನಾನು ಕಂಡಿದ್ದೀನಿ. ಅದರಲ್ಲಿ ಕಾಣೋದು ಯಾರ ಮುಖ ಹೇಳಿ.

ನಾನು ಹೀಗೆಲ್ಲ ಮಾತಾಡಿದರೆ ಸಭೆಯಲ್ಲಿ ಎರಡು ಆಕ್ಷೇಪಣೆ ಬರುತ್ತೆ. ಮೊದಲನೆಯದು, ಮೇಷ್ಟ್ರು ಕಮ್ಯುನಿಸ್ಟ್ ಆಗ್ಬಿಟ್ಟಿದ್ದಾರೆ ಅಂತ. ಇದಕ್ಕೆ ಉತ್ತರ ಕೊಡಲ್ಲ, ಯಾಕೋಬನಿಗೆ ಕೊಡಲಿ. ಎರಡನೆಯದು ಸ್ವಲ್ಪ ಗಟ್ಟಿ. ರಕ್ಷಣೆ ನಂಬಿಕೆಯಿಂದ, ಕ್ರಿಯೆಯಿಂದಲ್ಲ, ನೀವು ಕ್ರಿಯೆಯನ್ನ ಬೋಧಿಸ್ತಿದ್ದೀರಿ ಅಂತ. ಸ್ವಾಮಿ, ನಾನೂ ಅದನ್ನೇ ನಂಬಿದವನು. ಸತ್ಕ್ರಿಯೆ ಮಾಡಿ ಪರಲೋಕ ಕೊಂಡುಕೊಳ್ಳೋಕೆ ಆಗಲ್ಲ. ಆದರೆ ಕೂಲಿ ಕೊಡೋದು ಸತ್ಕ್ರಿಯೆ ಅಂತ ನಿಮಗೆ ಯಾರು ಹೇಳಿದರು? ಅದು ಸಾಲ. ಸಾಲ ತೀರಿಸಿದ್ದಕ್ಕೆ ಯಾರೂ ಬಹುಮಾನ ಕೇಳಲ್ಲ. ತೀರಿಸದೆ ಇರೋದಕ್ಕೆ ನಂಬಿಕೆ ಅಂತ ಹೆಸರಿಡಬೇಡಿ.

ಇನ್ನು, ಲೋಕದ ಗೊಡವೆ ನಮಗ್ಯಾಕೆ, ನಾವು ಪರದೇಶಿಗಳು, ಯಾತ್ರಿಕರು ಅನ್ನೋರಿಗೆ ನಮ್ಮದೇ ಮೈಸೂರು ಸೀಮೆಯ ಒಬ್ಬ ಪರದೇಶಿಯನ್ನ ನೆನಪಿಸ್ತೀನಿ. ಅಬ್ಬೆ ದ್ಯುಬುವಾ, ಫ್ರೆಂಚ್ ಪಾದ್ರಿ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಕಡೆ ಬಂದವರು. ಜನ ದೊಡ್ಡಸ್ವಾಮಿಯವರು ಅಂತಿದ್ದರು. ನಮ್ಮ ಜನರ ಆಚಾರ ವಿಚಾರದ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕ ಇದೆ, ಅದರಲ್ಲಿ ಎಷ್ಟೋ ಕಡೆ ಅವರ ತಾತ್ಸಾರ ನನಗೆ ಹಿಡಿಸಲ್ಲ. ಮತಾಂತರದ ಕೆಲಸದಲ್ಲಂತೂ ತಾವು ಸೋತೆವು ಅಂತ ಅವರೇ ಬರೆದುಕೊಂಡರು. ಆದರೆ ಸಿಡುಬು ಊರೂರನ್ನ ಗುಡಿಸಿಕೊಂಡು ಹೋಗ್ತಿದ್ದ ಕಾಲದಲ್ಲಿ, 1803–04ರಲ್ಲಿ, ಆಗಷ್ಟೇ ಬಂದಿದ್ದ ಲಸಿಕೆಯನ್ನ ಈ ಸೀಮೆಯಲ್ಲಿ ಹಾಕಿಸೋಕೆ ನಿಂತವರು ಅವರು. ಲೆಕ್ಕ ಇಟ್ಟಿದ್ದರು: 25,432 ಜನ. ಸಿಡುಬು ಅಂದರೆ ಸಾವು, ಸತ್ತರೆ ಎಲ್ಲಿಗೆ ಹೋಗ್ತೀರಿ ಕೈ ಎತ್ತಿ ಅಂತ ಅವರೂ ಕೇಳಬಹುದಿತ್ತು. ಜನ ಕೈ ಎತ್ತಿದ್ದು ಲಸಿಕೆ ಹಾಕಿಸಿಕೊಳ್ಳೋಕೆ. ಒಬ್ಬ ಪಾದ್ರಿ ಬಿಟ್ಟು ಹೋದ ಲೆಕ್ಕದಲ್ಲಿ ಎಷ್ಟು ಜನಕ್ಕೆ ದೀಕ್ಷಾಸ್ನಾನ ಅನ್ನೋದಕ್ಕಿಂತ ಎಷ್ಟು ಜನಕ್ಕೆ ಲಸಿಕೆ ಅನ್ನೋದು ಇನ್ನೂರು ವರ್ಷ ಆದ ಮೇಲೂ ಓದೋ ಹಾಗಿದೆ.

ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ 1906ರಲ್ಲಿ ಶುರುವಾಯಿತು. ನಮ್ಮ ಅಜ್ಜಿಯ ಕಾಲದಲ್ಲಿ ಹೆರಿಗೆ ಕಷ್ಟವಾದರೆ ಇಲ್ಲಿಂದ ರೈಲು ಹತ್ತಿಸೋದು ಅಲ್ಲಿಗೇ. ಅದನ್ನ ಕಟ್ಟಿದವರೂ ಸಾವಿನ ಮನೆಯಲ್ಲಿ ಇದೇ ತೊಂಬತ್ತನೆಯ ಕೀರ್ತನೆ ಓದ್ತಿದ್ದರು. ಹದಿನೇಳನೆಯ ವಚನದವರೆಗೆ ಓದಿರಬೇಕು.

ಅವತ್ತು ಮಣ್ಣು ಮುಗಿಸಿ ಎಲ್ಲರೂ ಕೈಕಾಲು ತೊಳಕೊಂಡು ಹೊರಟ ಮೇಲೆ ಗಾರೆಯವರ ತಮ್ಮ ಗುಂಡಿಯ ಹತ್ತಿರವೇ ನಿಂತಿದ್ದ. ಕರೆದೆ. ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಆ ಬದು ಅಣ್ಣಂದೇ ಮೇಷ್ಟ್ರೇ, ಅಂದ. ನನಗೆ ಮೊದ್ಲಿಂದ್ಲೂ ಗೊತ್ತಿತ್ತು. ಹೇಳಕ್ಕೆ ಹೊತ್ತೇ ಬರ್ನಿಲ್ಲ.

ಅಣ್ಣನ ಮಗ ಇದ್ದಾನಲ್ಲ, ಅವನಿಗೆ ಹೇಳು ಅಂದೆ. ಈಗಲೇ ಹೇಳು, ಮನೆಯಲ್ಲಿದ್ದಾನೆ. ತಲೆ ಆಡಿಸಿದ. ಹೋದನೋ ಇಲ್ಲವೋ ಗೊತ್ತಿಲ್ಲ.

ಸಮಾಧಿ ತೋಟದಿಂದ ವಾಪಸ್ ಬರುವಾಗ ಸಭೆಯ ಗೇಟಿನ ಹತ್ತಿರ ಒಬ್ಬ ಹುಡುಗ ಕೂತಿದ್ದ. ಹಬ್ಬಕ್ಕೆ ಮುಂಚೆ ನಮ್ಮ ದೇವಾಲಯದ ಕಾಂಪೌಂಡಿಗೆ ಬಣ್ಣ ಹೊಡೆದವನು. ಅವನಿಗೆ ನಮ್ಮ ಸಭೆ ಸಾವಿರದ ಎಂಟುನೂರು ರೂಪಾಯಿ ಬಾಕಿ ಇದೆ. ಹಬ್ಬ ಆಗಿ ಆರು ವಾರ ಆಯಿತು. ಖಜಾಂಚಿಯವರನ್ನ ಕೇಳಿದೆ. ಚೆಕ್ಕಿಗೆ ಇಬ್ಬರ ಸಹಿ ಬೇಕು ಮೇಷ್ಟ್ರೇ, ಇನ್ನೊಬ್ಬರು ಮಗಳ ಮನೆಗೆ ಬೆಂಗಳೂರಿಗೆ ಹೋಗಿದ್ದಾರೆ, ಬಂದ ಮೇಲೆ ಕಮಿಟಿಯಲ್ಲಿ ಇಟ್ಟು ಕೊಡೋಣ ಅಂದರು. ಬೋಧಕರನ್ನ ಕೇಳಿದೆ. ಅದು ಲೌಕಿಕ ವಿಚಾರ, ಕಮಿಟಿಯವರು ನೋಡ್ಕೋತಾರೆ ಅಂದರು. ಅವರ ಕೈಯಲ್ಲಿ ಬೈಬಲು ಇತ್ತು, ಯಾಕೋಬನ ಪತ್ರಿಕೆಗೆ ಇಟ್ಟ ಕೆಂಪು ದಾರ ಇನ್ನೂ ಹೊರಗೆ ನೇತಾಡ್ತಿತ್ತು.

ಇದನ್ನ ಓದುವ ನಮ್ಮ ಕಮಿಟಿಯವರಿಗೆ ಒಂದು ವಿಷಯ ತಿಳಿಸ್ತೀನಿ. ಆ ಹುಡುಗ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮುಗಿಸಿಕೊಂಡು ದಿನಾ ಐದೂವರೆಗೆ ನಮ್ಮ ಗೇಟಿನ ಮುಂದೇ ಹಾದು ಹೋಗ್ತಾನೆ. ಈ ದಿನಗಳಲ್ಲಿ ಹೊತ್ತು ಮುಳುಗೋದು ಆರೂವರೆಗೆ.